ಹದಿಮೂರರ ಮನೆಯಿಂದ ಹದಿನೈದರ ಮನೆಗೆ

ಫೋಂತ್‌ಕಲ್ವಿ,
೧೬ ಮೇ ೧೯೬೭

ನನ್ನ ಮುದ್ದು ಸೊಲಾಂಜ್,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಅಂಚೆಯ ಬತಿಸ್ತ್ ಅದನ್ನು ಕೈಗೆ ಕೊಟ್ಟು ಹೋಗದೆ, ಸೈಕಲ್ಲಿಗೆ ಒರಗಿಕೊಂಡು ನಾನು ಓದುವುದನ್ನೇ ನೋಡುತ್ತ ನಿಂತಿದ್ದ. "ಒಳ್ಳೇ ಸುದ್ದೀನಾ ಅಕ್ಕಾ?" ಎಂದು ಕೇಳಿದ. "ಸೊಲಾಂಜ್‌ಗೆ ಮದುವೆ ಗೊತ್ತಾಗಿದೆ ಕಣೋ" ಎಂದೆ. ಟೋಪಿ ತೆಗೆದು ಅಲ್ಲೇ ರಸ್ತೆಯಲ್ಲಿ ಒಂದು ಸುತ್ತು ಕುಣಿದ. "ಹುಡುಗ ಯಾರ ಪೈಕಿ?" ಎಂದ. "ಕಾಸ್ತೆಲ್‌ರೂಜಿನ ದನದ ಡಾಕ್ಟರು ಲಫಾರ್ಗ್ ಇದ್ದಾರಲ್ಲ, ಅವರ ಮಗ ರೆಮಿ" ಎಂದೆ. ಬತಿಸ್ತ್ ಟೋಪಿಯನ್ನು ಮತ್ತೆ ತಲೆಗೆ ಹಾಕಿಕೊಂಡ. "ಎತ್ತಿಗೆ ಗೊತ್ತಾ?" ಎಂದು ಪಿಸುಗುಟ್ಟಿದವನು ಉತ್ತರಕ್ಕೂ ಕಾಯದೆ ಸೈಕಲ್ ಹತ್ತಿದ. ಅಷ್ಟು ಜೋರಾಗಿ ಅವನು ಸೈಕಲ್ ಹೊಡೆದದ್ದನ್ನು ನಾನು ಯಾವತ್ತೂ ನೋಡಿಲ್ಲ. ನಿಮ್ಮಪ್ಪ ಆಟ ಬಿಟ್ಟು ಇಷ್ಟು ವರ್ಷವಾದರೂ ಈ ಊರಿಗೆ ಇನ್ನೂ ಎತ್ತೇ ನೋಡು.

ನೀನು ಎರಡು ವಿಷಯ ಕೇಳಿದ್ದೀಯ. ಅಪ್ಪನಿಗೆ ನೀನೇ ಹೇಳಮ್ಮ ಎನ್ನುವುದು ಒಂದು. ಅಪ್ಪನ ಆಟದ ಕಥೆಯನ್ನು ಚೂರುಚೂರಾಗಿ ಕೇಳಿದ್ದೇನೆ, ಇಡಿಯಾಗಿ ಬರೆದು ಕಳಿಸು, ರೆಮಿಯ ಮನೆಯವರ ಮುಂದೆ ಬಾಯಿತಪ್ಪಿ ಏನಾದರೂ ಆಡಿಬಿಟ್ಟೇನು ಎನ್ನುವುದು ಇನ್ನೊಂದು. ಹೇಳಿದ್ದಾಯಿತು. ಏನಾಯಿತು ಎಂದು ಆಮೇಲೆ ಬರೆಯುತ್ತೇನೆ. ದಯವಿಟ್ಟು ಕೊನೆಯ ಹಾಳೆಯನ್ನು ಮೊದಲು ತೆಗೆಯಬೇಡ. ನಿನ್ನ ಬುದ್ಧಿ ನನಗೆ ಗೊತ್ತು.

"ಅವರಪ್ಪ ಹದಿನೈದರ ಕ್ಲಬ್ಬಿನ ಅಧ್ಯಕ್ಷರು ಎಂದು ನನಗೆ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು" ಎಂದು ಬರೆದಿದ್ದೀಯ. ಪಾಪ! ತುಲೂಸಿನಲ್ಲಿ ನಿನ್ನ ಜೊತೆ ಓದುವ ಪ್ಯಾರಿಸ್ಸಿನ ಹುಡುಗಿಯರಿಗೆ ಹದಿಮೂರು ಜನರ ರಗ್ಬಿಗೂ ಹದಿನೈದು ಜನರ ರಗ್ಬಿಗೂ ಇಬ್ಬರು ಆಟಗಾರರ ವ್ಯತ್ಯಾಸ, ಅಷ್ಟೆ. ನಮ್ಮ ಕಡೆ ಅವು ಎರಡು ಮತ. ಹದಿನೈದರವರ ಹುಡುಗನನ್ನು ಮದುವೆಯಾದ ನಿಮ್ಮಪ್ಪನ ಸೋದರತ್ತೆಯ ಹೆಸರನ್ನು ನಿನ್ನ ಅಜ್ಜ ಸಾಯುವವರೆಗೂ ಬಾಯಲ್ಲಿ ಎತ್ತಲಿಲ್ಲ. ಅಂಥ ಹದಿಮೂರರ ಮನೆ ಇದು.

ನಿಮ್ಮಪ್ಪ ಆಟಕ್ಕೆ ಬಂದದ್ದು ಕಲ್ಲು ಹೇರಿದ ಒಂದು ಗಾಡಿಯ ದೆಸೆಯಿಂದ. ಆಗ ಅವರಿಗೆ ಹದಿನಾರು ಇರಬೇಕು. ಸೇತುವೆಯ ಹತ್ತಿರ ಯಾರದೋ ಗಾಡಿಯ ಚಕ್ರ ಚರಂಡಿಗೆ ಇಳಿದಿತ್ತು, ಹೇಸರಗತ್ತೆ ಮಲಗಿಬಿಟ್ಟಿತ್ತು. ನಿಮ್ಮಪ್ಪ ಬೆನ್ನು ಕೊಟ್ಟು ಚಕ್ರವನ್ನು ಮೇಲಕ್ಕೆ ಎತ್ತಿಟ್ಟರಂತೆ. ಬ್ರೆಡ್ ಅಂಗಡಿಯ ಸಿಪ್ರಿಯೆನ್ ಅಲ್ಲೇ ಇದ್ದ. ಊರಲ್ಲಿ ಹದಿಮೂರರ ತಂಡ ಕಟ್ಟಿದವನೇ ಅವನು. "ಲೋ ಆನ್ಸೆಲ್ಮ್, ನಾಳೆ ಮೈದಾನಕ್ಕೆ ಬಾ" ಎಂದನಂತೆ. "ನಂಗೆ ಆಟ ಬರಲ್ಲ" ಎಂದರಂತೆ ಇವರು. "ಎತ್ತಿಗೆ ಆಟ ಯಾಕೋ ಬರಬೇಕು? ನೊಗ ಕೊಟ್ರೆ ಸಾಕು" ಎಂದನಂತೆ ಅವನು. ಹೆಸರು ಅವತ್ತೇ ಅಂಟಿಕೊಂಡಿತು. ಮರುದಿನ ಹೋದರು. ಮೊದಲ ಪಂದ್ಯದಲ್ಲಿ ಚೆಂಡು ಯಾವ ಕಡೆ ಒಯ್ಯಬೇಕೆಂದು ತಿಳಿಯದೆ ನಮ್ಮ ಗೋಲಿನ ಕಡೆಗೇ ಒಯ್ದರು. ತಡೆಯಲು ಬಂದ ಎದುರಾಳಿಗಳನ್ನಲ್ಲ, ನಮ್ಮ ಹುಡುಗರನ್ನೇ ಎಳೆದುಕೊಂಡು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಟ್ಟೆಯ ಮೇಲೆ ಕೂತು ನಕ್ಕೂ ನಕ್ಕೂ ನನಗೆ ಬಿಕ್ಕಳಿಕೆ ಹತ್ತಿತು. ಆಟ ಮುಗಿದ ಮೇಲೆ ಅವರು ನೇರ ನನ್ನ ಹತ್ತಿರ ಬಂದು, "ನಕ್ಕಿದ್ದು ನೀನೇನಾ?" ಎಂದರು. ಹೌದು ಎಂದೆ. "ಮುಂದಿನ ಭಾನುವಾರ ಬಾ, ನಗಲ್ಲ" ಎಂದರು. ಹೋದೆ. ಆ ಭಾನುವಾರವೂ ನಕ್ಕೆ.

ಆಮೇಲೆ ಯುದ್ಧ ಬಂತು, ನಾವು ಸೋತೆವು. ವಿಷಿ ಪಟ್ಟಣದಲ್ಲಿ ಕೂತ ಸರ್ಕಾರ ಹದಿಮೂರರ ಆಟವನ್ನೇ ನಿಷೇಧ ಮಾಡಿತು. ಮಗಳೇ, ಇದನ್ನು ಹೇಳಿದರೆ ಪರವೂರಿನವರು ನಂಬುವುದಿಲ್ಲ. ಜರ್ಮನರು ದೇಶದೊಳಗೆ ಕೂತಿರುವಾಗ ನಮ್ಮ ಸರ್ಕಾರಕ್ಕೆ ಒಂದು ಚೆಂಡಿನಾಟದ ಮೇಲೆ ಸಿಟ್ಟು! ಮೈದಾನ, ಗೋಲುಕಂಬ, ಚೆಂಡು, ಅಂಗಿ, ಎಲ್ಲವನ್ನೂ ಕಿತ್ತು ಹದಿನೈದರವರಿಗೆ ಒಪ್ಪಿಸಬೇಕೆಂದು ಹುಕುಂ ಆಯಿತು.

ನಮ್ಮೂರಿಗೆ ಒಬ್ಬ ಅಧಿಕಾರಿ ಬಂದ. ಸಾಮಾನು ಹೇರಿಕೊಳ್ಳಲು ಕಾಸ್ತೆಲ್‌ರೂಜಿನ ಹದಿನೈದರ ಹುಡುಗರು ಗಾಡಿ ಹೊಡೆದುಕೊಂಡು ಬಂದಿದ್ದರು. ಗಾಡಿಯ ಮೇಲೆ ಲಗಾಮು ಹಿಡಿದು ಕೂತಿದ್ದವನು ಉರ್ಬೇನ್ ಲಫಾರ್ಗ್, ಆಗಿನ್ನೂ ದನದ ಡಾಕ್ಟರಿಕೆ ಓದುತ್ತಿದ್ದ ಹುಡುಗ. ಹೌದು, ನಿನ್ನ ಮಾವನಾಗುವವರೇ. ಸಿಪ್ರಿಯೆನ್ ಅಂಗಿಗಳನ್ನು ಒಂದೊಂದಾಗಿ ಮಡಿಸಿ ಕೊಟ್ಟ. ಕೊಡುವಾಗ ಅತ್ತ. ನಿಮ್ಮಪ್ಪ ಅಳಲಿಲ್ಲ, ಗಾಡಿಯ ಮೇಲಿದ್ದವನ ಮುಖವನ್ನು ನೋಡುತ್ತಲೇ ನಿಂತಿದ್ದರು, ಮರೆಯಬಾರದು ಎನ್ನುವ ಹಾಗೆ. ಮರೆಯಲೂ ಇಲ್ಲ.

ಕಂಬ ಮಾತ್ರ ಸಿಗಲಿಲ್ಲ. ಆ ಬೆಳಿಗ್ಗೆಯೇ ನಿಮ್ಮಪ್ಪ ಮತ್ತು ಅವರ ಗೆಳೆಯ ಮಾರ್ಸೆಲಿನ್ ಕಂಬಗಳನ್ನು ಕಿತ್ತು ತಂದು ನಮ್ಮ ಹಿತ್ತಲಿನ ದ್ರಾಕ್ಷಿ ಚಪ್ಪರಕ್ಕೆ ತೊಲೆ ಮಾಡಿ ಏರಿಸಿದ್ದರು. ಅಧಿಕಾರಿ ಊರೆಲ್ಲ ಹುಡುಕಿದ. "ಕಂಬ ಎಲ್ಲಿ?" "ಗಾಳಿಗೆ ಬಿದ್ದೋಯ್ತು ಸ್ವಾಮಿ." "ಬಿದ್ದದ್ದು ಎಲ್ಲಿ?" "ಗಾಳೀನೇ ತಗೊಂಡೋಯ್ತು ಸ್ವಾಮಿ." ನಿನ್ನ ಅಜ್ಜಿ ಅವನನ್ನೂ ಗಾಡಿಯ ಹುಡುಗರನ್ನೂ ಅದೇ ಚಪ್ಪರದ ಕೆಳಗೆ ಕೂರಿಸಿ ತಣ್ಣಗೆ ನೀರು ಕೊಟ್ಟು ಕಳಿಸಿದಳು.

ಆಟ ನಿಂತ ವರ್ಷಗಳಲ್ಲಿ ಹದಿನೈದರವರು ನಿಮ್ಮಪ್ಪನನ್ನು ಕರೆದದ್ದುಂಟು. ಎಷ್ಟೋ ಹುಡುಗರು ಹೋದರು, ಅವರದೇನೂ ತಪ್ಪಿಲ್ಲ, ಇಪ್ಪತ್ತರ ಪ್ರಾಯದ ಕಾಲು ಸುಮ್ಮನಿರುತ್ತದೆಯೇ? ಇವರು ಹೋಗಲಿಲ್ಲ. ಹೊಳೆಯ ಮರಳಿನಲ್ಲಿ ಐದಾರು ಜನ ಸೇರಿ ಹುಲ್ಲು ತುಂಬಿದ ಚೀಲ ಹಿಡಿದು ಆಡುತ್ತಿದ್ದರು. ಪೊಲೀಸಿನವನು ಬಂದರೆ ಮೊಲ ಹಿಡಿಯುತ್ತಿದ್ದೇವೆ ಎನ್ನುತ್ತಿದ್ದರು. ಆ ವರ್ಷ ನಮ್ಮ ಹೊಳೆದಂಡೆಯಲ್ಲಿ ಎಷ್ಟು ಮೊಲವಿದ್ದವು ಎಂದರೆ ಪೊಲೀಸಿನವನೂ ಅಂಗಿ ಬಿಚ್ಚಿ ಹಿಡಿಯಲು ಸೇರಿಕೊಂಡ.

ಯುದ್ಧ ಮುಗಿಯಿತು, ಚಪ್ಪರ ಇಳಿಯಿತು, ಕಂಬ ಮೈದಾನಕ್ಕೆ ಮರಳಿತು. ನಾವು ಮದುವೆಯಾದೆವು, ಮರುವರ್ಷ ನೀನು ಹುಟ್ಟಿದೆ. ಪಟ್ಟಣದ ದೊಡ್ಡ ತಂಡದವರು ನಿಮ್ಮಪ್ಪನನ್ನು ಕರೆದುಕೊಂಡರು. ವಾರವೆಲ್ಲ ದ್ರಾಕ್ಷಿ ತೋಟ, ಭಾನುವಾರ ಆಟ, ಸೋಮವಾರ ನನ್ನ ಕೈಯಿಂದ ಬೆನ್ನಿಗೆ ಎಣ್ಣೆ. ಅವರ ಜಾಗ ಮುಂದಿನ ಸಾಲು. ಭುಜಕ್ಕೆ ಭುಜ ಕೊಟ್ಟು ಎರಡೂ ಕಡೆಯವರು ತಳ್ಳುವ ಸ್ಕ್ರಮ್ಮಿನಲ್ಲಿ ಕೆಳಗೆ ಸಿಕ್ಕಿಕೊಳ್ಳುವವರು ಇವರೇ. ಓಡಿ ಹೆಸರು ಮಾಡುವವರು ಬೇರೆ. ಪತ್ರಿಕೆಯಲ್ಲಿ ಓಡುವವರ ಚಿತ್ರ ಬರುತ್ತಿತ್ತು. ನಿಮ್ಮಪ್ಪನದು ಬಂದರೆ ಹಿಂಭಾಗ ಮಾತ್ರ. ನಾನು ಅದನ್ನೂ ಕತ್ತರಿಸಿ ಇಟ್ಟಿದ್ದೇನೆ. ನೋಡಿದ ತಕ್ಷಣ ನನಗೆ ಗುರುತು ಸಿಗುತ್ತದೆ.

ದೇಶದ ತಂಡಕ್ಕೆ ಆಯ್ಕೆಯಾದ ತಂತಿ ಬಂದದ್ದು ದ್ರಾಕ್ಷಿ ತುಳಿಯುವ ಕಾಲದಲ್ಲಿ. ಸಹಕಾರಿ ಸಂಘದ ಗೋದಾಮಿನಲ್ಲಿ ತೊಟ್ಟಿಯೊಳಗೆ ನಿಂತಿದ್ದರು. ಮಾರ್ಸೆಲಿನ್ ಓದಿ ಹೇಳಿದ. "ಸರಿ, ಈ ತೊಟ್ಟಿ ಮುಗಿಸಿ ಹೋಗೋಣ" ಎಂದರಂತೆ. ಹೆದರಿಕೆ ಬಂದದ್ದು ಪಂದ್ಯದ ದಿನ. ಮಾರ್ಸೇಲಿನಲ್ಲಿ, ಇಂಗ್ಲೆಂಡಿನವರ ಎದುರು, ಎಂಥಾ ಜನ! ಇವರು ಗಾಬರಿಯಲ್ಲಿ ಅಂಗಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಮೈದಾನಕ್ಕೆ ಇಳಿದುಬಿಟ್ಟರು. ಬೆನ್ನಿನಲ್ಲಿರಬೇಕಾದ ನಂಬರು ಎದೆಯ ಮೇಲೆ, ಎದೆಯ ಮೇಲಿರಬೇಕಾದ ನಮ್ಮ ದೇಶದ ಲಾಂಛನದ ಹುಂಜ ಬೆನ್ನ ಮೇಲೆ. ಎದುರಿಗೆ ನಿಂತ ಇಂಗ್ಲಿಷಿನವ ಕೋಳಿ ಕೂಗಿದ ಹಾಗೆ ಕೂಗಿ ಅಣಕಿಸಿದ. ಅಷ್ಟೇ ಬೇಕಾಗಿತ್ತು. ನಿಮ್ಮಪ್ಪನ ಹೆದರಿಕೆ ಹೋಯಿತು. ಆ ಮನುಷ್ಯ ಆಮೇಲೆ ಆಟ ಮುಗಿಯುವವರೆಗೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಮಣ್ಣು ಹೋಗುತ್ತಿತ್ತು. ಸಂಜೆ ಊಟಕ್ಕೆ ಇಬ್ಬರೂ ಅಕ್ಕಪಕ್ಕ ಕೂತಿದ್ದರಂತೆ. ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ, ಒಬ್ಬರ ಲೋಟಕ್ಕೆ ಒಬ್ಬರು ಸುರಿಯುವುದೊಂದೇ ಮಾತು.

ಮುಂದೆ ಐವತ್ತೊಂದರಲ್ಲಿ ಆಸ್ಟ್ರೇಲಿಯಾ. ಮಾರ್ಸೇಲಿಗಿಂತ ಆಚೆ ಹೋಗದ ಮನುಷ್ಯ ವಿಮಾನದಲ್ಲಿ ದಿನಗಟ್ಟಲೆ ಕೂತು ಭೂಮಿಯ ಆ ತುದಿಗೆ ಹೋದರು. ಇಡೀ ಬೇಸಿಗೆ ಅಲ್ಲೇ. ಅಲ್ಲಿ ಅದು ಚಳಿಗಾಲವಂತೆ. ಬರೆದ ಕಾರ್ಡುಗಳಲ್ಲಿ ಆಟದ ಸುದ್ದಿ ಒಂದು ಸಾಲು, ಊಟದ ದೂರು ಹತ್ತು ಸಾಲು. ಬೆಳಿಗ್ಗೆ ಎದ್ದರೆ ಕುರಿಮಾಂಸ, ಮಧ್ಯಾಹ್ನ ಕುರಿಮಾಂಸ, ಕುಡಿಯಲು ಹಾಲು ಹಾಕಿದ ಚಹಾ. "ವೈನ್ ಕೇಳಿದ್ರೆ ಕಾಯಿಲೆನಾ ಅಂತ ಕೇಳ್ತಾರೆ ಕಣೇ" ಎಂದು ಬರೆದಿದ್ದರು. ಆದರೂ ಗೆದ್ದರು ಸೊಲಾಂಜ್! ಆಸ್ಟ್ರೇಲಿಯಾದವರನ್ನು ಅವರ ನೆಲದಲ್ಲೇ. ಸಿಡ್ನಿಯ ಕೊನೆಯ ಪಂದ್ಯದಲ್ಲಿ ನಿಮ್ಮಪ್ಪ ಗೆರೆಯಾಚೆ ಚೆಂಡು ಊರಿದರು, ದೇಶದ ಅಂಗಿಯಲ್ಲಿ ಜನ್ಮಕ್ಕೊಂದೇ ಸಲ. ಮೂವರನ್ನು ಬೆನ್ನ ಮೇಲೆ ಹೊತ್ತುಕೊಂಡು ಹೋಗಿ ಊರಿದೆ ಎನ್ನುತ್ತಾರೆ ಅವರು. ಅದೇ ತಂಡದಲ್ಲಿ ಅಲ್ಲಿಗೆ ಹೋಗಿ ಜೊತೆಗೆ ಆಡಿದ ಮಾರ್ಸೆಲಿನ್ ಬೇರೆ ಹೇಳುತ್ತಾನೆ. "ಎತ್ತು ಜಾರಿ ಬಿತ್ತು, ಬಿದ್ದ ಕಡೆ ಗೆರೆ ಇತ್ತು, ಹೊಟ್ಟೆ ಕೆಳಗೆ ಚೆಂಡಿತ್ತು, ಮೂವರು ಬಂದದ್ದು ಎಬ್ಬಿಸೋಕೆ." ಯಾವುದು ನಿಜವೋ, ಅಂಕ ಮಾತ್ರ ಸಿಕ್ಕಿತು.

ತಂಡ ಮರಳಿದಾಗ ಮಾರ್ಸೇಲಿನ ಬೀದಿಯಲ್ಲಿ ಜನಸಾಗರ. ತೆರೆದ ಕಾರುಗಳಲ್ಲಿ ಮೆರವಣಿಗೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ನಾನೂ ನಿಂತಿದ್ದೆ. ಕಾರಿನಿಂದ ಇಳಿದು ಬಂದರು, ಮೂಗು ಒಂದು ಕಡೆಗೆ ತಿರುಗಿತ್ತು, ಮೀಸೆ ಬೋಳಿಸಿದ್ದರು. ನೀನು ನೋಡಿದವಳೇ "ಈ ಮಾಮ ಬೇಡ, ನಮ್ಮಪ್ಪ ಬೇಕು" ಎಂದು ಚೀರಿದೆ. ಆಸ್ಟ್ರೇಲಿಯಾದವರು ಇಡೀ ಬೇಸಿಗೆ ಮಾಡಲಾಗದ್ದನ್ನು ನೀನು ಒಂದೇ ಮಾತಿನಲ್ಲಿ ಮಾಡಿದೆ. ಎತ್ತಿನ ಕಣ್ಣಲ್ಲಿ ನೀರು ಬಂತು.

ಈಗ ನಿನಗೊಂದು ಗುಟ್ಟು. ನಿಮ್ಮಪ್ಪನಿಗೆ ಗೊತ್ತಿಲ್ಲ, ನೀನೂ ಹೇಳಬಾರದು.

ಆ ಬೇಸಿಗೆ ಮಳೆ ಬಿಡದೆ ಹೊಡೆಯಿತು. ದ್ರಾಕ್ಷಿ ಎಲೆಗೆಲ್ಲ ಬೂಜು. ಮೈಲುತುತ್ತದ ನೀರು ಹೊಡೆಯದಿದ್ದರೆ ಆ ವರ್ಷದ ಬೆಳೆ ಇಲ್ಲ. ನಿನ್ನ ಅಜ್ಜನಿಗೆ ಸೊಂಟ ಹಿಡಿದು ಹಾಸಿಗೆ. ಊರಲ್ಲಿ ಪ್ರತಿಯೊಬ್ಬರಿಗೂ ಅವರವರ ತೋಟದ್ದೇ ಆಗಿತ್ತು. ನಾನು ತಗಡಿನ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಿದ್ದೆ, ನೀನು ನನ್ನ ಲಂಗದ ಅಂಚು ಹಿಡಿದುಕೊಂಡು ಹಿಂದೆ. ಒಂದು ತುದಿ ಮುಗಿಸುವಷ್ಟರಲ್ಲಿ ಇನ್ನೊಂದು ತುದಿ ತೊಳೆದುಹೋಗುತ್ತಿತ್ತು. ಆ ಸಮಯಕ್ಕೆ ಹೇಸರಗತ್ತೆಗೆ ಹೊಟ್ಟೆನೋವು ಬಂತು. ಬೇರೆ ಡಾಕ್ಟರಿಲ್ಲದೆ ಲಫಾರ್ಗರಿಗೆ ಹೇಳಿ ಕಳಿಸಿದೆ. ಬಂದರು, ಕತ್ತೆಗೆ ಮದ್ದು ಕೊಟ್ಟರು, ತೋಟದ ಕಡೆ ನೋಡಿದರು, ನನ್ನ ಕಡೆ ನೋಡಿದರು. ನಾನು ಅಳುತ್ತಿದ್ದೆ ಎಂದು ತಿಳಿಯಬೇಡ, ಬೈಯುತ್ತಿದ್ದೆ. ಮಳೆಯನ್ನು, ಆಸ್ಟ್ರೇಲಿಯಾವನ್ನು, ನಿಮ್ಮಪ್ಪನನ್ನು. ಅವರು ಮದ್ದಿನ ಚೀಲ ಎತ್ತಿಕೊಂಡು ಹೋದರು.

ಭಾನುವಾರ ಮಳೆ ಬಿಟ್ಟಿತು. ನೋಡಿದರೆ ಕಾಸ್ತೆಲ್‌ರೂಜಿನ ಹದಿನೈದರ ಇಡೀ ತಂಡ ಡಬ್ಬಿ ಕಟ್ಟಿಕೊಂಡು ಬಂದು ನಿಂತಿದೆ! ಮುಂದೆ ಲಫಾರ್ಗ್. ನನಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. "ನಮಗೆ ಯಾರ ಉಪಕಾರವೂ ಬೇಡ" ಎಂದೆ. "ಉಪಕಾರ ಯಾರು ಮಾಡ್ತಿದಾರಮ್ಮ?" ಎಂದರು ಅವರು. "ಆ ಮನುಷ್ಯ ಅಲ್ಲಿ ನಮ್ಮ ಹುಂಜ ಹಾಕ್ಕೊಂಡು ಆಡ್ತಿದಾನೆ. ಹದಿಮೂರು ಜನರ ಹುಂಜ ಬೇರೆ, ಹದಿನೈದು ಜನರ ಹುಂಜ ಬೇರೆನಾ? ಆದ್ರೆ ಅವನಿಗೆ ಹೇಳ್ಬೇಡಿ. ನಮ್ಮೂರಲ್ಲೂ ಹೇಳ್ಬೇಡಿ, ಗೊತ್ತಾದ್ರೆ ನಮ್ಮನ್ನೆಲ್ಲ ಕ್ಲಬ್ಬಿಂದ ಓಡಿಸ್ತಾರೆ." ಸಂಜೆಯೊಳಗೆ ತೋಟ ಪೂರ್ತಿ ನೀಲಿಯಾಗಿತ್ತು, ಅವರೂ ಸಹ. ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ. ಆ ವರ್ಷದ ಬೆಳೆ ನೋಡಿ ನಿಮ್ಮಪ್ಪ, "ನೀನು ಗಟ್ಟಿಗಿತ್ತಿ ಕಣೇ ಲಿಯೊಂತೀನ್" ಎಂದಾಗಲೂ ಬಾಯಿ ಬಿಡಲಿಲ್ಲ. ಹೊಗಳಿಕೆ ಪುಕ್ಕಟೆ ಬಂದರೆ ಬೇಡ ಎನ್ನುವುದು ಯಾಕೆ?

ಆಟ ಬಿಟ್ಟ ಸುದ್ದಿ ನಿನಗೆ ಅರ್ಧ ಗೊತ್ತು. ಮಂಡಿ ಹೋಯಿತು, ಡಾಕ್ಟರು ಇನ್ನು ಸಾಕು ಎಂದರು, ಇವರು ತಲೆಯಾಡಿಸಿ ಬಂದರು. ನೀನು ಶಾಲೆಗೆ ಹೋಗಿದ್ದ ಒಂದು ದಿನ ನಾನು ಸಂತೆಯಲ್ಲಿ ಟೊಮೇಟೊ ಸಸಿ ಆರಿಸುತ್ತಿದ್ದೆ. ಮೈದಾನದ ಕಡೆಯಿಂದ "ಎತ್ತು! ಎತ್ತು!" ಎಂಬ ಕೂಗು. ಹೋಗಿ ನೋಡಿದರೆ ಮಂಡಿಗೆ ಬಟ್ಟೆ ಬಿಗಿದು, ಬೇರೆ ಯಾರದೋ ಹೆಸರಿನಲ್ಲಿ ಊರ ತಂಡಕ್ಕೆ ಆಡುತ್ತಿದ್ದಾರೆ. ಸಸಿಗಳ ಬುಟ್ಟಿ ಹಿಡಿದುಕೊಂಡೇ ಮೈದಾನದೊಳಗೆ ನಡೆದೆ. ರೆಫ್ರಿ ಸೀಟಿ ಊದಿ, "ಅಮ್ಮಾ, ಆಟ ನಡೀತಿದೆ" ಎಂದ. "ನಡೀಲಿ, ನನಗೆ ಬೇಕಾಗಿರೋದು ಒಬ್ರು" ಎಂದೆ. ಸ್ಕ್ರಮ್ಮಿನ ಅಡಿಯಿಂದ ಕೈ ಹಿಡಿದು ಎಬ್ಬಿಸಿದೆ. ಎರಡೂ ಕಡೆಯ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಿಮ್ಮಪ್ಪ ಟೋಪಿ ತೆಗೆಯುವವರ ಹಾಗೆ ತಲೆ ಮುಟ್ಟಿಕೊಂಡು ನನ್ನ ಹಿಂದೆ ಕುಂಟುತ್ತ ಬಂದರು. "ಹೀಗೆ ಕರ್ಕೊಂಡು ಬಂದ್ಯಲ್ಲ, ಮರ್ಯಾದೆ ಹೋಯ್ತು" ಎಂದರು ದಾರಿಯಲ್ಲಿ. ಸ್ವಲ್ಪ ಹೊತ್ತಾದ ಮೇಲೆ "ನಂಗೆ ಒಬ್ಬನಿಗೇ ಬರೋಕೆ ಆಗ್ತಿರ್ಲಿಲ್ಲ" ಎಂದರು. ಬುಟ್ಟಿಯನ್ನು ತಾವೇ ಹಿಡಿದುಕೊಂಡರು.

ಇನ್ನು ನಿನ್ನ ಸುದ್ದಿ.

ಬಾಯಿ ತುಂಬಿರುವಾಗ ಹೇಳಿದರೆ ಕೂಗಲಾರರು ಎಂದು ಬೀನ್ಸ್ ಕಾಳು, ಬಾತುಕೋಳಿ ಹಾಕಿ, ಅವರಿಗೆ ಪ್ರಾಣವಾದ ಕಸ್ಸೂಲೆ ಮಾಡಿದೆ. ಎರಡನೇ ತಟ್ಟೆಯ ಹೊತ್ತಿಗೆ ಹೇಳಿದೆ. ಅಗಿಯುವುದು ನಿಂತಿತು.

"ಯಾವ ಲಫಾರ್ಗ್?"

"ದನದ ಡಾಕ್ಟ್ರು."

"ಗಾಡಿ ಲಫಾರ್ಗಾ?"

"ಗಾಡಿ ಹೋಗಿ ಕಾಲವಾಯ್ತು ರೀ. ಈಗ ಅವರ ಹತ್ರ ಕಾರಿದೆ."

ತಟ್ಟೆಯನ್ನು ಸರಿಸಿ ಎದ್ದು ಹೋದರು. ಕಸ್ಸೂಲೆಯನ್ನು ಅವರು ಹಾಗೆ ಬಿಟ್ಟು ಎದ್ದದ್ದನ್ನು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು ಮಗಳೇ. ಮೂರು ದಿನ ಮಾತಿಲ್ಲ. ತೋಟ, ಹಾಸಿಗೆ, ತೋಟ. ಹೋಟೆಲಿನ ಕಟ್ಟೆಯಲ್ಲಿ ಮಾರ್ಸೆಲಿನ್ "ಏನೋ ಎತ್ತು, ಮೊಮ್ಮಕ್ಕಳು ಹದಿನಾಲ್ಕು ಜನರ ಆಟ ಆಡ್ತಾರಂತೆ?" ಎಂದನಂತೆ. ಅವನ ಜೊತೆಯೂ ಮಾತು ಬಿಟ್ಟರು. ನಾಲ್ಕನೇ ದಿನ ನಾನೇ ಕೂರಿಸಿಕೊಂಡು ಕೇಳಿದೆ. ಹುಡುಗನ ಮೇಲೆ ಏನಾದರೂ ಇದೆಯೇ ಎಂದೆ. ಇಲ್ಲ. ಮಗಳ ಮೇಲೆ? ಇಲ್ಲ. "ಮತ್ತೇನು?" ಆಗ ಹೇಳಿದರು: "ಸಿಪ್ರಿಯೆನ್ ಅವತ್ತು ಅಂಗಿ ಮಡಿಸಿ ಕೊಟ್ನಲ್ಲ, ಅದು ಕಣ್ಮುಂದೆ ಬರುತ್ತೆ ಲಿಯೊಂತೀನ್. ಅವನು ಈಗಿಲ್ಲ. ಅವನ ಪರವಾಗಿ ಸಿಟ್ಟು ಮಾಡ್ಕೊಳ್ಳೋಕೆ ನಾನೊಬ್ಬನೇ ಉಳಿದಿರೋದು."

ಆ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಕೂತಿದ್ದೆವು. ಕಾರೊಂದು ನಿಂತಿತು. ಲಫಾರ್ಗ್ ಒಬ್ಬರೇ, ಕಪ್ಪು ಕೋಟು, ಟೋಪಿ ಕೈಯಲ್ಲಿ. ನಿಮ್ಮಪ್ಪ ಅಂಗಳದಲ್ಲಿ ಗುದ್ದಲಿ ಮಸೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಈ ಸಲ ಗಾಡಿ ತರ್ಲಿಲ್ವಾ ಡಾಕ್ಟ್ರೇ? ನಮ್ಮ ಮಗಳನ್ನ ಹೇರ್ಕೊಂಡು ಹೋಗೋಕೆ?"

"ಬೈಯಿರಿ" ಎಂದರು ಅವರು. "ಅದಕ್ಕೇ ಬಂದಿದೀನಿ. ಅವತ್ತು ನನಗೆ ಇಪ್ಪತ್ತು ವರ್ಷ. ಕ್ಲಬ್ಬಿನವರು ಗಾಡಿ ಹೊಡಿ ಅಂದ್ರು, ಹೊಡೆದೆ. ಆ ಬ್ರೆಡ್ ಅಂಗಡಿಯವರು ಅಂಗಿ ಕೈಗಿಟ್ಟಾಗ ಇದು ಆಟ ಅಲ್ಲ, ಕಳ್ಳತನ ಅಂತ ಗೊತ್ತಾಯ್ತು. ಆಮೇಲೆ ನಿಮ್ಮ ಚಪ್ಪರದ ಕೆಳಗೆ ನೀರು ಕುಡೀತಾ ತಲೆ ಎತ್ತಿ ನೋಡಿದೆ. ದ್ರಾಕ್ಷಿ ಚಪ್ಪರಕ್ಕೆ ಯಾರಾದ್ರೂ ಬಿಳೀ ಬಣ್ಣ ಹೊಡೀತಾರೇನ್ರೀ?"

ಮಸೆಯುವುದು ನಿಂತಿತು. "ನೋಡಿದ್ರಾ?"

"ನೋಡ್ದೆ."

"ಮತ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಇಳಿಸಿ ಹೊರಬೇಕಾದೋನು ನಾನೇ ಅಲ್ವಾ? ಭಾರ ಇತ್ತು."

ನಿಮ್ಮಪ್ಪನ ಬಾಯಿಯ ಒಂದು ತುದಿ ಅಲುಗಿತು. ಆದರೆ ಅಷ್ಟಕ್ಕೇ ಸೋಲುವ ಮನುಷ್ಯನೇ? ವೈನ್ ತಂದಿಟ್ಟೆ, ಇಬ್ಬರೂ ಕೂತರು. ಎರಡು ಲೋಟ ಒಳಗೆ ಹೋದ ಮೇಲೆ ಲಫಾರ್ಗ್, ನಿಮ್ಮ ಹದಿಮೂರರ ಸ್ಕ್ರಮ್ ಅಂದರೆ ಮದುವೆಮನೆಯಲ್ಲಿ ನೆಂಟರು ಅಪ್ಪಿಕೊಂಡ ಹಾಗೆ ಎಂದುಬಿಟ್ಟರು. ಹದಿನೈದರವರು ತಳ್ಳುವುದು ಕಿಟಕಿ ಬಾಗಿಲು ಮಾತ್ರ ಎಂದರು ಇವರು. ಒಬ್ಬರು ಎದ್ದರು, ಇನ್ನೊಬ್ಬರೂ ಎದ್ದರು. ಕೋಟು ಕಳಚಿ ನನ್ನ ಕೈಗೆ ಬಂತು. ನರೆತ ಎರಡು ತಲೆ ಬಗ್ಗಿ, ಭುಜಕ್ಕೆ ಭುಜ ಕೊಟ್ಟು, ಅಂಗಳದ ನಡುವೆ ತಳ್ಳಲು ಶುರುಮಾಡಿದವು. ಕೋಳಿಗಳು ಗೋಡೆ ಹಾರಿದವು. ಇವರೂ ಅಲುಗಲಿಲ್ಲ, ಅವರೂ ಅಲುಗಲಿಲ್ಲ. ಆಮೇಲೆ ಡಾಕ್ಟರ ಪ್ಯಾಂಟಿನ ಪಟ್ಟಿ ಪಟಕ್ಕೆಂದು ಹರಿಯಿತು, ಅದೇ ಗಳಿಗೆಗೆ ನಿಮ್ಮಪ್ಪನ ಮಂಡಿ ಮಡಿಚಿಕೊಂಡಿತು, ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು. ಎಬ್ಬಿಸಲು ಓಡಿದೆ. ಇಬ್ಬರೂ ನೆಲದಲ್ಲೇ ಬಿದ್ದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ಲಫಾರ್ಗ್ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ಇನ್ನೊಂದು ಕೈಯಿಂದ ಮಂಡಿ ಒತ್ತಿ ನೋಡಿದರು. "ಯಾವ ಡಾಕ್ಟ್ರು ಕಟ್ಟಿದ್ದು ಇದನ್ನ?"

"ಮನುಷ್ಯರ ಡಾಕ್ಟ್ರು."

"ಅದೇ ತಪ್ಪಾಗಿದ್ದು. ಎತ್ತಿನ ಮಂಡಿ ಅವರಿಗೇನ್ರೀ ಗೊತ್ತು? ನಾನು ಬೇರೆ ಮದ್ದು ಕೊಡ್ತೀನಿ, ದಿನಾ ಹಚ್ಚಿ." ಮಾರನೇ ದಿನವೇ ಕಳಿಸಿದರು. ಡಬ್ಬಿಯ ಮೇಲೆ ಕುದುರೆಯ ಚಿತ್ರವಿದೆ. ನಿಮ್ಮಪ್ಪ ದಿನಾ ಹಚ್ಚಿಕೊಳ್ಳುತ್ತಿದ್ದಾರೆ. ಗುಣವಾಗುತ್ತಿದೆ ಎಂದು ಯಾರಿಗೂ ಹೇಳಬಾರದಂತೆ.

ಹಾಗಾಗಿ ಮದುವೆ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ, ಅಕ್ಟೋಬರಿನಲ್ಲಿ, ನಮ್ಮ ಅಂಗಳದಲ್ಲೇ. ನಿಮ್ಮಪ್ಪನದು ಒಂದೇ ಷರತ್ತು: ಹೆಣ್ಣಿನ ಕಡೆಯ ಮೊದಲ ಮೇಜಿಗೆ ಹದಿಮೂರೇ ಜನ ಕೂರಬೇಕು. ಒಂದೇ ಮೇಜಿಗೆ ಹದಿಮೂರು ಜನ ಅಪಶಕುನ ಎಂದು ರೆಮಿಯ ತಾಯಿ ಎದೆ ಹಿಡಿದುಕೊಂಡರಂತೆ. ಅವರನ್ನು ನೀನೇ ಸಮಾಧಾನ ಮಾಡು. ಮುಂದಿನ ತಿಂಗಳು ರಜೆಗೆ ಬರುವಾಗ ರೆಮಿಯನ್ನು ಕರೆದುಕೊಂಡು ಬಾ. ಸ್ಕ್ರಮ್ಮಿನ ಮಾತು ಎತ್ತಬೇಡ ಎಂದು ಹೇಳಿರು. ನನ್ನ ಕೋಳಿಗಳು ಈಗ ತಾನೇ ಮತ್ತೆ ಮೊಟ್ಟೆ ಇಡಲು ಶುರುಮಾಡಿವೆ.

ಹೊಟ್ಟೆ ತುಂಬ ಊಟ ಮಾಡು, ಸೊರಗಿದ ಮದುಮಗಳನ್ನು ನನ್ನ ಅಂಗಳಕ್ಕೆ ಕರೆತರಬೇಡ. ನಿನ್ನ ಎರಡೂ ಕೆನ್ನೆಗೆ ಮುತ್ತು.

ಪ್ರೀತಿಯಿಂದ,
ನಿನ್ನ ಅಮ್ಮ
ಲಿಯೊಂತೀನ್

ತಾ.ಕ.: ಅಂಟಿಸುವ ಮೊದಲು ಕಾಗದವನ್ನು ನಿಮ್ಮಪ್ಪನಿಗೆ ಓದಿ ಹೇಳಿದೆ, ಆಟದ ವಿಷಯದಲ್ಲಿ ತಪ್ಪಿದ್ದರೆ ತಿದ್ದಲಿ ಎಂದು. ಮೈಲುತುತ್ತದ ಭಾಗವನ್ನು ಮಾತ್ರ ಬಿಟ್ಟು, ಮಾರ್ಸೇಲಿನ ಮೆರವಣಿಗೆಯಿಂದ ನೇರ ಮಂಡಿಗೆ ಹಾರಿದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದವರು, "ತೋಟಕ್ಕೆ ಮದ್ದು ಹೊಡೆದದ್ದನ್ನ ಬರೀಲಿಲ್ವಾ?" ಎಂದರು! ಆಸ್ಟ್ರೇಲಿಯಾದಿಂದ ಬಂದ ಮರುದಿನವೇ ಗೊತ್ತಾಗಿತ್ತಂತೆ. ಪ್ರತಿ ಸಾಲಿನ ಕೊನೆಯಲ್ಲೂ ರೆಂಬೆ ಮುರಿದಿತ್ತಂತೆ. ಅಷ್ಟು ಅಗಲದ ಭುಜ ತಿರುಗಿಸಿಕೊಂಡು ಹೋಗುವವರು ಹದಿನೈದರವರಲ್ಲದೆ ಈ ಸೀಮೆಯಲ್ಲಿ ಇನ್ಯಾರು? ಹದಿನಾರು ವರ್ಷ ಯಾಕ್ರೀ ಸುಮ್ಮನಿದ್ರಿ ಎಂದೆ. "ಗೊತ್ತು ಅಂದಿದ್ರೆ ಹೋಗಿ ಥ್ಯಾಂಕ್ಸ್ ಹೇಳ್ಬೇಕಾಗ್ತಿತ್ತಲ್ಲ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿ, ಇದನ್ನೂ ಬರಿ ಎಂದು ಹೇಳಿ ಬರೆಸಿದರು: "ಆದ್ರೂ ಹದಿಮೂರು ಜನ ಹೊಡೆದಿದ್ರೆ ಅಷ್ಟು ರೆಂಬೆ ಮುರೀತಿರ್ಲಿಲ್ಲ."